ಲೆಕ್ಕಕ್ಕಿಲ್ಲದವಳು

"ಇದರಲ್ಲಿ ಚೆನ್ನಾಗಿ ಕಾಣ್ತಿದೆಯಾ, ಇದರಲ್ಲಾ?" ಎಂದು ಅವಳು ಗಾಜು ಬದಲಿಸಿದಳು. ಕುರ್ಚಿಯಲ್ಲಿ ಕೂತಿದ್ದ ಮುದುಕರು ಗೋಡೆಯ ಅಕ್ಷರಗಳನ್ನು ನೋಡುವುದು ಬಿಟ್ಟು, ಸರಿಯುತ್ತರ ಯಾವುದಿರಬಹುದೆಂದು ಅವಳ ಮುಖದಲ್ಲಿ ಹುಡುಕುತ್ತಿದ್ದರು. ಕನ್ನಡಕದ ಅಂಗಡಿಗೆ ಬರುವವರೆಲ್ಲ ಹೀಗೆಯೇ. ಕಣ್ಣು ತೋರಿಸಲು ಬಂದು ಪರೀಕ್ಷೆಗೆ ಕೂತವರ ಹಾಗೆ ಬೆವರುತ್ತಾರೆ. ಕಾಯುವ ಬೆಂಚಿನ ಮೇಲೆ ಕೂತೇ ಕೊನೆಯ ಸಾಲನ್ನು ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸಿದವರೂ ಇದ್ದಾರೆ. "ಇದರಲ್ಲಿ ತಪ್ಪು ಸರಿ ಅಂತ ಇಲ್ಲ, ನಿಮಗೆ ಕಂಡಿದ್ದು ಹೇಳಿ ಸಾಕು" ಎಂದು ದಿನವೂ ಹೇಳುವ ಮಾತನ್ನು ಇವತ್ತೂ ಹೇಳಿದಳು. ಹೇಳುತ್ತಿದ್ದ ಹಾಗೆ ಅದು ಸುಳ್ಳು ಅನ್ನಿಸಿತು. ತಪ್ಪು ಹೇಳಿದರೆ ತಪ್ಪು ಕನ್ನಡಕವೇ ಬರುತ್ತದೆ, ಅದನ್ನು ಹಾಕಿಕೊಂಡು ಮೆಟ್ಟಿಲಿಳಿಯಬೇಕಾದವರು ಅವರೇ ತಾನೆ. ಸಂಜೆ ನಾಲ್ಕಕ್ಕೆ ಮನೆಯಲ್ಲಿ ಅತ್ತೆಗೂ ಇಂಥದೇ ಪರೀಕ್ಷೆ. ಕಳೆದ ವರ್ಷ ಲಕ್ವ ಹೊಡೆದು ಅತ್ತೆಯ ಬಲಗಡೆ ಬಿದ್ದುಹೋಗಿ, ಮಾತೂ ಅದರ ಜೊತೆ ಹೋಗಿತ್ತು. ಈಗ ಒಂದೊಂದೇ ಪದ, ಬಾಡಿಗೆ ಮನೆಯಿಂದ ಸಾಮಾನು ಸಾಗಿಸಿದ ಹಾಗೆ, ನಿಧಾನವಾಗಿ ವಾಪಸು ಬರುತ್ತಿದೆ. ಆದರೆ ಬುದ್ಧಿ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ನಾದಿನಿ ಮಾತಿನ ಡಾಕ್ಟರನ್ನು ಕರೆದುಕೊಂಡು ಬರುತ್ತಿದ್ದಾಳೆ. ನೆಟ್ಟಗಿಲ್ಲವೆಂದರೆ ನಾದಿನಿಯ ಮನೆಯ ಹತ್ತಿರ ಅಂಥವರನ್ನು ನೋಡಿಕೊಳ್ಳುವ ಒಂದು ಜಾಗವಿದೆ. ತೋಟವಿದೆ, ದಾದಿಯರಿದ್ದಾರೆ, ಕಿಟಕಿಗಳಿಗೆಲ್ಲ ಒಳ್ಳೆಯ ಪರದೆಗಳಿವೆ. ನಾದಿನಿ ನೋಡಿ ಬಂದಿದ್ದಾಳೆ. "ನೋಡೋಣ, ಡಾಕ್ಟ್ರು ಏನಂತಾರೋ" ಎಂದು ಗಂಡ ಬೆಳಿಗ್ಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೆಲಸಕ್ಕೆ ಹೋಗಿದ್ದ.

ಇದಕ್ಕೆಲ್ಲ ಕಾರಣ ಒಂದು ಫೋನು. ಹೋದ ವಾರ ತನ್ನ ಮಗಳು ಅತ್ತೆಯ ಕಿವಿಗೆ ಫೋನು ಹಿಡಿದಿದ್ದಾಗ ಅತ್ತೆ ನಾದಿನಿಗೆ, "ಎಂಜಿನ್ ಹೆಂಗಸು ಬಂದ್ಲು" ಎಂದಿದ್ದರು. ಯಾರಮ್ಮ ಅದು ಎಂದರೆ, "ಸತ್ತಿದ್ಲು. ಬಂದ್ಲು" ಎಂದಿದ್ದರು. ನಾದಿನಿ ತಕ್ಷಣ ಅಂಗಡಿಗೆ ಫೋನು ಮಾಡಿದಳು. "ಅತ್ತಿಗೆ, ಅಮ್ಮ ಸತ್ತವರು ಬಂದ್ರು ಅಂತಿದ್ದಾಳೆ. ಎಂಜಿನ್ನು ಗಿಂಜಿನ್ನು ಅಂತ ಏನೇನೋ. ಏನಾದ್ರೂ ಗೊತ್ತಾ ನಿಮಗೆ?" ಆಗ ಅವಳ ಕೈಯಲ್ಲಿ ಯಾರದೋ ಕನ್ನಡಕದ ಕಾಲಿತ್ತು, ಹಲ್ಲಿನ ನಡುವೆ ಪುಟ್ಟ ಸ್ಕ್ರೂ ಇತ್ತು. ಸ್ಕ್ರೂ ತೆಗೆದು "ಇಲ್ಲ" ಎಂದಳು. ಬೇಕಾಗಿದ್ದರೆ ಅಷ್ಟೇ ಹೊತ್ತಿನಲ್ಲಿ "ಗೊತ್ತು" ಎಂದೂ ಹೇಳಬಹುದಿತ್ತು. ಅದು ನಾನು ಅತ್ತೆಗೆ ಓದಿ ಹೇಳುವ ಪುಸ್ತಕದವಳು, ಸಿನಿಮಾದಲ್ಲಿ ಬರುತ್ತಾಳಲ್ಲ ಆ ಆಕಾಶನೌಕೆಯ ಮೆಕ್ಯಾನಿಕ್, ಅವಳು ಎಂದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನಾದಿನಿ ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವವಳು. ವಯಸ್ಸಿನಲ್ಲಿ ಚಿಕ್ಕವಳಾದರೂ, ತಾನು ಮದುವೆಯಾಗಿ ಬಂದ ದಿನದಿಂದ ನಾದಿನಿಯನ್ನು "ನೀವು" ಎಂದೇ ಕರೆದು ಅಭ್ಯಾಸವಾಗಿದೆ. ಒಮ್ಮೆ ಈ ಮನೆಯ ಬೀರುವಿನಲ್ಲಿ ದುಪ್ಪಟಿ ಹುಡುಕುತ್ತಿದ್ದ ನಾದಿನಿಗೆ, ಸಿನಿಮಾದ ಕಥೆ ಮುಂದುವರಿಸಿ ಬರೆದ ಆ ಪುಸ್ತಕಗಳಲ್ಲೊಂದು ಸಿಕ್ಕಿತ್ತು. ಬೇರೆಯವರ ಒದ್ದೆ ಕಾಲುಚೀಲ ಹಿಡಿದ ಹಾಗೆ ಎರಡು ಬೆರಳಲ್ಲಿ ಅದನ್ನು ಎತ್ತಿ, ನಗುತ್ತಲೇ, "ಸಿನಿಮಾ ಮುಗಿದ ಮೇಲೂ ಎಳೀತಾರಲ್ಲ ಇದನ್ನ, ಯಾರು ಓದ್ತಾರೆ ಅತ್ತಿಗೆ?" ಎಂದಿದ್ದಳು. "ಮಗಳದ್ದು" ಎಂದುಬಿಟ್ಟಿದ್ದಳು ಅವಳು. ಮಗಳಿಗೆ ಆಗ ಕೂಡಿಸಿ ಕೂಡಿಸಿ ಓದುವ ವಯಸ್ಸು. ನೆಲದ ಮೇಲೆ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ ಮಗು ತಲೆ ಎತ್ತಿ ತಾಯಿಯನ್ನು ನೋಡಿ ಮತ್ತೆ ಬಣ್ಣ ತುಂಬಿತು. ಆ ನೋಟ ಇವತ್ತಿಗೂ ಅಂಗಾಲಲ್ಲಿ ಮುರಿದ ಮುಳ್ಳು.

ಮುದುಕರು "ಎರಡೂ ಒಂದೇ ಥರ ಇದೆ ಕಣಮ್ಮ" ಎಂದರು. ಅವಳು ಮೊದಲಿನ ಗಾಜನ್ನೇ ಮತ್ತೆ ಹಾಕಿದಳು. ಒಂದೇ ಥರ ಯಾಕಿರುತ್ತದೆ. ಆ ಸಿನಿಮಾವನ್ನು ಗಂಡನ ಜೊತೆ ನೋಡಿದ್ದು ಮದುವೆಯಾದ ಹೊಸತರಲ್ಲಿ. ಗಂಡ ಕಂಡಿದ್ದು ಹೊಗೆ, ಬೆಂಕಿ, ಸಿಡಿದು ಹೋಳಾದ ನೌಕೆ. ಅವಳು ಕಂಡಿದ್ದು ಒಬ್ಬ ಹೆಂಗಸನ್ನು. ಎಂಜಿನ್ ಕೋಣೆಯಿಂದ ಕೈಯೊರೆಸಿಕೊಳ್ಳುತ್ತ ಬರುತ್ತಾಳೆ, ಕ್ಯಾಪ್ಟನ್‌ಗೆ "ಇನ್ನೊಂದು ಸಲ ಹೊತ್ತಿಸಿ ನೋಡ್ತೀನಿ" ಅನ್ನುತ್ತಾಳೆ, ವಾಪಸು ಒಳಗೆ ಹೋಗುತ್ತಾಳೆ, ದಪ್ಪ ಬಾಗಿಲು ಮುಚ್ಚಿಕೊಳ್ಳುತ್ತದೆ, ಆಚೆ ಬೆಂಕಿ. ಅಷ್ಟೇ ಅವಳ ಪಾತ್ರ. ಚಿತ್ರ ಮುಗಿದು ಜನ ಎದ್ದು ನಿಂತರೂ ಅವಳಿಗೆ ಒಂದೇ ಯೋಚನೆ, ಆ ಹೆಂಗಸಿನ ಮನೆಗೆ ಸುದ್ದಿ ಯಾರು ಹೇಳುತ್ತಾರೆ. ಎಷ್ಟೋ ತಿಂಗಳ ಮೇಲೆ, ಮಗಳು ಹೊಟ್ಟೆಯಲ್ಲಿದ್ದಾಗ, ಹಳೆ ಪುಸ್ತಕದ ಅಂಗಡಿಯ ಹೊರಗಿನ ರಾಶಿಯಲ್ಲಿ ಒಂದು ಮುಖಪುಟದ ಮೇಲೆ ಅದೇ ಹೆಂಗಸು ಸ್ಪ್ಯಾನರ್ ಹಿಡಿದು ನಿಂತಿದ್ದಳು. ಸಿನಿಮಾದ ಹೆಸರು ಅಂಗೈಯಗಲ, ಬರೆದವರ ಹೆಸರು ಇರುವೆ ಸಾಲಿನಷ್ಟು. ಬಾಗಿಲು ಮುಚ್ಚಿದ ಮೇಲೆ ಅವಳು ಗಾಳಿಯ ಕೊಳವೆಯಲ್ಲಿ ತೆವಳಿ ಹೊರಬಿದ್ದಳೆಂದು, ಒಂದು ಶ್ವಾಸಕೋಶ ಸುಟ್ಟುಕೊಂಡು ಇನ್ನಾವುದೋ ನೌಕೆಗಟ್ಟೆಯಲ್ಲಿ ರಿಪೇರಿ ಕೆಲಸ ಹಿಡಿದು ಬದುಕಿದಳೆಂದು ಅದರಲ್ಲಿತ್ತು. ಆಮೇಲೆ ಒಂದಾದ ಮೇಲೊಂದು ಸಿಕ್ಕಿದವು. ಮಗುವಿಗೆ ಹಾಲು ಕೊಡುತ್ತ ಓದಿದಳು, ಒಲೆಯ ಮುಂದೆ ನಿಂತು ಓದಿದಳು. ಒಬ್ಬೊಬ್ಬ ಬರಹಗಾರನ ಕೈಯಲ್ಲಿ ಕ್ಯಾಪ್ಟನ್ ಒಂದೊಂದು ಥರ, ಒಬ್ಬನ ಪುಸ್ತಕದಲ್ಲಿ ಜಿಪುಣ, ಇನ್ನೊಬ್ಬನದರಲ್ಲಿ ಕರ್ಣ. ಒಳ್ಳೆಯ ಬರವಣಿಗೆಯಲ್ಲ ಎಂದು ಅವಳಿಗೆ ಗೊತ್ತು. ಕಣ್ಣು ಪರೀಕ್ಷೆ ಮಾಡುವವಳಿಗೆ ಮಸುಕು ಯಾವುದು ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ಹೆಂಗಸಿಗೆ ಒಂದು ಮಗು ಹುಟ್ಟಿತು, ಮಗು ದೊಡ್ಡದಾಗಿ ತಾಯಿಯ ಮೇಲೆ ಮುನಿಸಿಕೊಂಡಿತು, ಅವಳ ಮೊಣಕಾಲು ಸವೆಯಿತು. ಮಹಾ ಮಹಾ ಗ್ರಂಥಗಳಲ್ಲಿ ಹೆಂಗಸರು ರೈಲಿಗೋ ಬಾವಿಗೋ ಬೀಳುವಷ್ಟರಲ್ಲಿ ಇವಳು ಎಂಜಿನ್ನಿನ ಎಣ್ಣೆ ಬದಲಿಸಿ ಮುಗಿಸಿರುತ್ತಿದ್ದಳು.

ಇವತ್ತು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ ಮಗಳು, "ಅಮ್ಮ, ನಿನಗೊಂದು ಕೆಟ್ಟ ಸುದ್ದಿ" ಎಂದಿದ್ದಳು. ಮಗಳಿಗೀಗ ಹೈಸ್ಕೂಲು, ತಾಯಿಯ ಪುಸ್ತಕದ ಹುಚ್ಚು ಅವಳಿಗೆ ಹಳೆಯ ಜೋಕು. ನೌಕೆಯ ಸಿನಿಮಾದ ಹೊಸ ಭಾಗ ಬಂದಿದೆ, ಅದರಲ್ಲಿ ಸತ್ತವರ ಹೆಸರು ಕೆತ್ತಿದ ಗೋಡೆಯ ಮೇಲೆ ಎಂಜಿನ್ ಹೆಂಗಸಿನ ಹೆಸರಿದೆ. ಅವತ್ತು ಆ ಬಾಗಿಲಿನ ಹಿಂದೆಯೇ ಸತ್ತಳು, ಅಷ್ಟೇ. "ಪುಸ್ತಕದಲ್ಲಿ ಇದ್ದಿದ್ದೆಲ್ಲ ನಡೆದೇ ಇಲ್ವಂತೆ. ಕಂಪನಿಯವರೇ ಹೇಳಿದ್ದಾರೆ, ಸಿನಿಮಾ ಮಾತ್ರ ನಿಜ, ಇನ್ನು ಮುಂದೆ ಆ ಪುಸ್ತಕ ಅಚ್ಚೂ ಹಾಕಲ್ವಂತೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ." ಅವಳು ಜಡೆಯ ತುದಿಗೆ ರಬ್ಬರ್ ಸುತ್ತಿ, "ಯಾರ ಲೆಕ್ಕಕ್ಕೆ?" ಎಂದಳು. "ಅಯ್ಯೋ, ನನ್ನ ಯಾಕೆ ಬೈತೀಯ, ನಾನೇನು ಸಾಯಿಸಿದ್ನಾ" ಎಂದು ಮಗಳು ಚೀಲ ಎತ್ತಿಕೊಂಡಳು. ಬೈದಿರಲಿಲ್ಲ. ಆದರೆ ಎದೆಯಲ್ಲಿ ಏನೋ ಕಟಕಟ ಹಲ್ಲು ಕಡಿಯುತ್ತಿತ್ತು. ಬದುಕಿ, ಹೆತ್ತು, ಮುದುಕಿಯಾಗಿ ಸತ್ತವಳನ್ನು ಒಂದು ಗೋಡೆ ತೋರಿಸಿ ನೀನು ಬದುಕಿಯೇ ಇರಲಿಲ್ಲ ಎನ್ನಲು ಇವರಿಗೆ ಬಾಯಾದರೂ ಹೇಗೆ ಬಂತು.

ಮೂರೂವರೆಗೆ ಅಂಗಡಿಯವರ ಅನುಮತಿ ಪಡೆದು ಮನೆಗೆ ಹೊರಟಳು. ರಸ್ತೆ ಬದಿಯ ಚರಂಡಿ ಅಗೆದಿದ್ದರು, ಹಲಗೆಯ ಮೇಲೆ ಕಾಲಿಡುವಾಗ ಅದು ಬಗ್ಗಿತು. ಅತ್ತೆಗೆ ಓದಿ ಹೇಳಲು ಶುರು ಮಾಡಿದ್ದು ಪುಣ್ಯ ಸಂಪಾದನೆಗಲ್ಲ. ಆಸ್ಪತ್ರೆಯವರು, ಯಾರಾದರೂ ಅವರ ಜೊತೆ ಮಾತಾಡುತ್ತಿರಿ ಎಂದಿದ್ದರು. ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಮಾತು ಜೋಡಿಸಿದ ಹೆಂಗಸಿನ ಮುಂದೆ ಅವಳ ಮಾತಿನ ಬಂಡವಾಳ ಎರಡೇ ದಿನಕ್ಕೆ ಬರಿದಾಯಿತು. ಅಂಗಡಿಯ ಸುದ್ದಿ, ಮಗಳ ಶಾಲೆ, ನೆಂಟರ ಜಗಳ ಎಲ್ಲ ಮುಗಿದ ಮೇಲೆ ಚೀಲದಲ್ಲಿ ಇದ್ದುದನ್ನು ತೆಗೆದು ಓದಿದಳು. ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚಿದಾಗ ಬಂದು, ಪುಸ್ತಕವನ್ನು ನೀರಿನ ಜಗ್ಗಿಗೆ ಒರಗಿಸಿ, ಅತ್ತೆಯ ಸತ್ತ ಕೈಯನ್ನು ತನ್ನ ತೊಡೆಯ ಮೇಲಿಟ್ಟು ಒಂದೊಂದೇ ಬೆರಳು ತಿಕ್ಕುತ್ತ ಓದುವುದು. ಹೀಗೆ ಓದುತ್ತ ಎಂಜಿನ್ ಹೆಂಗಸು ಮುದುಕಿಯಾಗಿ, ಆ ಸುಟ್ಟ ಶ್ವಾಸಕೋಶದಿಂದಲೇ ತೀರಿಕೊಂಡಳು. ಅತ್ತೆಯ ಎರಡೂ ಕಣ್ಣಲ್ಲಿ ನೀರು ಬಂತು, ಮುಖದ ಒಂದೇ ಕಡೆ ಅತ್ತಿತು. ಮಾರನೆಯ ದಿನ ಪುಸ್ತಕಗಳ ಬೆನ್ನಿನ ಮೇಲಿನ ಸಂಖ್ಯೆ ನೋಡಿ ಮುಂದಿನದನ್ನು ತೆಗೆದಳು. ಅಲ್ಲಿಯೇ ಎಡವಿದ್ದು. ಆ ಸಂಖ್ಯೆ ಅಚ್ಚಾದ ಕ್ರಮ, ಕಥೆಯ ಕ್ರಮವಲ್ಲ, ಓದಿ ಎಷ್ಟೋ ವರ್ಷವಾಗಿ ಅದು ಮರೆತಿತ್ತು. ಆ ಪುಸ್ತಕದಲ್ಲಿ ಕಥೆ ಹಿಂದಕ್ಕೆ ಹೋಗಿತ್ತು. ಎಂಜಿನ್ ಹೆಂಗಸು ಇಪ್ಪತ್ತರ ಹುಡುಗಿಯಾಗಿ, ಕೂದಲು ಗಂಟು ಹಾಕಿಕೊಂಡು, ಸಿಳ್ಳೆ ಹಾಕುತ್ತ ಎರಡನೆಯ ಪುಟದಲ್ಲೇ ಬಂದುಬಿಟ್ಟಳು. ಅವಳು ಗಾಬರಿಯಿಂದ ಓದು ನಿಲ್ಲಿಸಿ ತಲೆ ಎತ್ತಿದರೆ ಅತ್ತೆಯ ಮುಖ ಹೊಳೆಯುತ್ತಿತ್ತು. "ಬಂದ್ಲು" ಎಂದರು. ಕಾಯಿಲೆ ಬಿದ್ದ ಮೇಲೆ ಅಷ್ಟು ತೊಳೆದಿಟ್ಟ ಹಾಗೆ ಒಂದು ಪದ ಅವರ ಬಾಯಿಂದ ಬಂದಿರಲಿಲ್ಲ. ತಪ್ಪಾಯಿತು ಅತ್ತೆ, ಇದು ಹಿಂದಿನ ಕಥೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಓದಿದಳು. ಕಾಯಿಲೆಯವರಿಗೆ ಸತ್ತವರು ಬರುತ್ತಾರೆಂದು ನಂಬಿಸಿದೆನಲ್ಲ ಎಂಬ ಅಳುಕು ಅವತ್ತಿನಿಂದ ಬಿಸಿತುಪ್ಪವಾಗಿ ಗಂಟಲಲ್ಲಿದೆ.

ಮಾತಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು ಬಂದಳು. ನಾದಿನಿ ತಾಯಿಯ ಹಣೆಯ ಕೂದಲು ಸರಿಮಾಡಿ, ಹೊಸ ಸ್ವೆಟರಿನ ಗುಂಡಿ ಹಾಕಿ, "ಅಮ್ಮ, ಕೇಳಿದ್ದಕ್ಕೆ ನಿಧಾನವಾಗಿ ಹೇಳು, ಹೆದರಬೇಡ" ಎಂದಳು. ಹೆದರಿದ್ದು ನಾದಿನಿಯೇ. ಸ್ವೆಟರಿನ ಗುಂಡಿ ಮೇಲೆ ಕೆಳಗಾಗಿತ್ತು. ಡಾಕ್ಟರು ಚಿತ್ರದ ಕಾರ್ಡುಗಳನ್ನು ಒಂದೊಂದೇ ಹಿಡಿದಳು. ಲೋಟ, ಬೀಗದ ಕೈ, ಕೊಡೆ. ಅತ್ತೆ ಕೊಡೆಯನ್ನು ಮಾತ್ರ ಹೇಳಿದರು. ಟೆಲಿಫೋನಿನ ಚಿತ್ರ ಬಂದಾಗ ಅದನ್ನು ನೋಡಿ, ಡಾಕ್ಟರನ್ನು ನೋಡಿ, ಮುಖ ಗೋಡೆಯ ಕಡೆ ತಿರುಗಿಸಿದರು. ಡಾಕ್ಟರು ಏನೋ ಗುರುತು ಹಾಕಿದಳು. ಅಡುಗೆಮನೆಯ ಬಾಗಿಲಲ್ಲಿ ಅವಳು ಟೀ ತಟ್ಟೆ ಹಿಡಿದು ನಿಂತು ನೋಡುತ್ತಿದ್ದಳು. ಗೊತ್ತಿಲ್ಲದೆ ಅಲ್ಲ ಅದು, ಅವಮಾನವಾಗಿ. ಆದರೆ ಗುರುತು ಹಾಕುವ ಕಾಗದದಲ್ಲಿ ಅವಮಾನಕ್ಕೆ ಚೌಕವಿರುವುದಿಲ್ಲ.

"ನಿನ್ನೆ ನಿಮ್ಮನ್ನ ನೋಡೋಕೆ ಯಾರಾದ್ರೂ ಬಂದಿದ್ರಾ ಅಜ್ಜಿ?"

ಅತ್ತೆ ತಿರುಗಿದರು. "ಎಂಜಿನ್... ಹೆಂಗಸು."

ನಾದಿನಿ ಡಾಕ್ಟರ ಕಡೆ ನೋಡಿ, ಕಣ್ಣು ಕೆಳಗೆ ಹಾಕಿದಳು.

"ಅವರು ಎಲ್ಲಿರ್ತಾರೆ?"

"ಸತ್ಲು."

"ಸತ್ತವರು ಬಂದ್ರಾ?"

"ಬಂದ್ಲು" ಎಂದರು ಅತ್ತೆ, ತೃಪ್ತಿಯಿಂದ.

ಪೆನ್ನು ಕಾಗದದ ಮೇಲೆ ಓಡತೊಡಗಿತು. ಆ ಕರಕರ ಸದ್ದು ಅವಳಿಗೆ ಕೇಳಿಸಿತು. ಇಷ್ಟೇ, ಎಂದುಕೊಂಡಳು. ಹೀಗೆಯೇ ಬಾಗಿಲು ಮುಚ್ಚುವುದು. ಒಳಗಿರುವವಳು ಇನ್ನೊಂದು ಸಲ ಹೊತ್ತಿಸಿ ನೋಡುತ್ತೇನೆ ಅನ್ನುತ್ತಿರುವಾಗಲೇ, ಹೊರಗಿನವರು ಗೋಡೆಯ ಮೇಲೆ ಹೆಸರು ಕೆತ್ತಿ ಮುಗಿಸಿರುತ್ತಾರೆ. ಮುಚ್ಚಲು ನಾನೂ ಒಂದು ಕೈ ಕೊಟ್ಟೆ, ಮರ್ಯಾದೆಗೆ ಹೆದರಿ. ಯಾವ ಮರ್ಯಾದೆ. ಟೀ ತಟ್ಟೆಯನ್ನು ಡಾಕ್ಟರ ಕಾಗದದ ಪಕ್ಕದಲ್ಲೇ, ಸ್ವಲ್ಪ ಜೋರಾಗಿಯೇ, ಇಟ್ಟಳು. "ಬರೀಬೇಡಿ" ಎಂದಳು. "ಅದು ನಾನು ಓದಿ ಹೇಳಿದ ಪುಸ್ತಕ."

"ಯಾವ ಪುಸ್ತಕ?" ಎಂದಳು ನಾದಿನಿ.

ಅವಳು ಬೀರುವಿನ ದುಪ್ಪಟಿಗಳ ಹಿಂದಿನಿಂದ ಪುಸ್ತಕಗಳನ್ನು ಎರಡು ತೋಳು ತುಂಬ ತಂದು ಅತ್ತೆಯ ಕಾಲ ಬಳಿ ಸುರಿದಳು. ಒಂದು ಜಾರಿ ನೆಲಕ್ಕೆ ಬಿತ್ತು. ನೇರಳೆ ಆಕಾಶ, ಮೂರು ಚಂದ್ರರು, ಬೆಂಕಿ ಕಾರುವ ನೌಕೆಗಳು, ನಡುವೆ ಸ್ಪ್ಯಾನರಿನ ಹೆಂಗಸು. ಹಗಲು ಬೆಳಕಿನಲ್ಲಿ ಆ ಮುಖಪುಟಗಳು ಅವಳಿಗೇ ಕಣ್ಣು ಕುಕ್ಕಿದವು. "ಇವಳೇ ಎಂಜಿನ್ ಹೆಂಗಸು. ದಿನಾ ಮಧ್ಯಾಹ್ನ ಓದ್ತೀನಿ. ಸತ್ತ ಭಾಗ ಮೊದಲು ಓದಿ, ಆಮೇಲೆ ತಪ್ಪಿ ಹಿಂದಿನ ಭಾಗ ತೆಗೆದೆ. ತಪ್ಪು ನಂದು. ಅತ್ತೆಯ ತಲೆಯದ್ದಲ್ಲ."

"ಇದು ಮಗಳದ್ದು ಅಂದಿದ್ರಿ ನೀವು."

"ಸುಳ್ಳು ಹೇಳಿದ್ದೆ. ಎಲ್ಲಾ ನಂದೇ."

"ಮೊನ್ನೆ ಫೋನಲ್ಲಿ ಕೇಳಿದಾಗ?"

"ಅದೂ ಸುಳ್ಳು."

ನಾದಿನಿ ಮಂಚದ ಅಂಚಿಗೆ ಕೂತಳು. ಅವಳ ಮುಖದಲ್ಲಿ ನಗು ಇರಲಿಲ್ಲ, ಅದೇ ವಿಚಿತ್ರವಾಗಿತ್ತು. "ಒಂದು ವಾರ ನಿದ್ದೆ ಮಾಡಿಲ್ಲ ಅತ್ತಿಗೆ ನಾನು. ಅಮ್ಮನಿಗೆ ಹುಚ್ಚು ಹಿಡೀತು ಅಂತ. ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?" ಅದಕ್ಕೆ ಅವಳ ಬಳಿ ಇದ್ದ ಉತ್ತರ ಎರಡು ಬೆರಳಲ್ಲಿ ಹಿಡಿದ ಒದ್ದೆ ಕಾಲುಚೀಲದ್ದು, ಅದನ್ನು ಹೇಳಿದರೆ ಸಣ್ಣವಳಾಗುತ್ತೇನೆ ಅನ್ನಿಸಿತು. ಅಷ್ಟರಲ್ಲಿ ಡಾಕ್ಟರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಕಾರ್ಡುಗಳನ್ನು ಚೀಲಕ್ಕೆ ಹಾಕಿ, "ಅಜ್ಜಿ, ಅವಳು ಸತ್ತ ಮೇಲೆ ಹೇಗೆ ಬಂದ್ಲು?" ಎಂದು ಕೇಳಿದಳು. ಈ ಸಲ ಕೇಳಿದ ದನಿ ಬೇರೆ ಇತ್ತು, ನಿಜವಾಗಿ ತಿಳಿದುಕೊಳ್ಳಬೇಕಾದವರು ಕೇಳುವ ಹಾಗೆ.

ಅತ್ತೆಯ ಬಾಯಿ ಪದಕ್ಕಾಗಿ ತಡಕಾಡಿತು. ಎಡಗೈ ಹಿಂದಕ್ಕೆ, ಭುಜದ ಮೇಲಿಂದ, ಏನನ್ನೋ ತೋರಿಸಿತು. "ಹಿಂದಿಂದು" ಎಂದರು. "ಇವಳು... ತಪ್ಪಿ... ಹಿಂದಿಂದು ತೆಗೆದ್ಲು." ಸೊಸೆಯ ಕಡೆ ನೋಡಿದರು. "ಗೊತ್ತು ನಂಗೆ."

ಅವಳಿಗೆ ನಿಂತ ನೆಲ ಚರಂಡಿಯ ಮೇಲಿನ ಹಲಗೆಯ ಹಾಗೆ ಬಗ್ಗಿತು. ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ತಾನು ಅಳುಕಿ ಅಳುಕಿ ಪುಟ ತಿರುಗಿಸುತ್ತಿದ್ದಾಗ ಈ ಮುದುಕಿ ಅದನ್ನೂ ನೋಡುತ್ತ ಮಲಗಿದ್ದರು.

"ಗೊತ್ತಿದ್ರೆ ಮತ್ತೆ ಬಂದ್ಲು ಅಂದ್ರಲ್ಲ?" ಎಂದಳು ಡಾಕ್ಟರು.

"ಓದಿದ್ಲು" ಎಂದರು ಅತ್ತೆ, ಮಂದಬುದ್ಧಿಯ ಮಗುವಿಗೆ ಲೆಕ್ಕ ಹೇಳಿಕೊಡುವ ತಾಳ್ಮೆಯಲ್ಲಿ. "ಬಂದ್ಲು."

ಡಾಕ್ಟರು ನಕ್ಕು, ಬರೆದಿದ್ದರ ಮೇಲೆ ಅಡ್ಡಗೆರೆ ಎಳೆದಳು. ಇವರ ಬುದ್ಧಿಗೆ ಏನೂ ಆಗಿಲ್ಲ, ಮಾತಿನ ಅಭ್ಯಾಸ ಹೀಗೇ ನಡೆಯಲಿ, ಏನು ಓದುತ್ತಿದ್ದೀರೋ ಅದನ್ನೇ ಓದಿ ಎಂದು ಹೇಳಿ ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಇನ್ನೊಂದು ಮನೆಗೆ ಹೊರಟುಹೋದಳು. ಅಲ್ಲಿಗೆ ಮುಗಿಯಬೇಕಿತ್ತು. ನಾದಿನಿ ನೆಲಕ್ಕೆ ಬಿದ್ದ ಪುಸ್ತಕವನ್ನು ಎತ್ತಿ, ನಡುವಿನ ಒಂದು ಪುಟವನ್ನು ಓದಿದಳು. ತುಟಿ ಸೊಟ್ಟಗಾಯಿತು. "ಬುದ್ಧಿ ನೆಟ್ಟಗಿದೆ, ಸಂತೋಷ. ಅದಕ್ಕೇ ಹೇಳ್ತಿದ್ದೀನಿ. ನೆಟ್ಟಗಿರೋ ಬುದ್ಧಿಗೆ ಇದಾ ಹಾಕೋದು? ನನ್ನ ಸ್ಟೂಡೆಂಟ್ಸ್ ಹೇಳ್ತಿದ್ರು, ಮಾಡಿದ ಕಂಪನಿಯವರೇ ಇದನ್ನೆಲ್ಲ ಕೈಬಿಟ್ಟಿದ್ದಾರಂತೆ, ಇವೆಲ್ಲ ಲೆಕ್ಕಕ್ಕೇ ಇಲ್ಲ ಅಂತ. ಅಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಆ ಜಾಗ ಬೇಡ ಬಿಡಿ, ನಮ್ಮನೇಲೇ ಇರಲಿ. ಒಳ್ಳೇದು ನಾಲ್ಕು ಓದ್ತೀನಿ ಅವಳಿಗೆ."

"ಯಾವ ಕಂಪನಿ?" ಎಂದರು ಅತ್ತೆ.

"ಸಿನಿಮಾದವರು ಅಮ್ಮ. ಆ ಹೆಂಗಸನ್ನ ಹುಟ್ಟಿಸಿದವರು."

"ಅವರಿಗೇನು ಗೊತ್ತು" ಎಂದರು ಅತ್ತೆ.

ಅವಳಿಗೆ ನಗು ಬಂತು, ತಡೆದುಕೊಳ್ಳಲಿಲ್ಲ. ಇಷ್ಟು ವರ್ಷ ಈ ನಾದಿನಿಯ ಮುಂದೆ ನಗುವ ಮೊದಲು ಒಮ್ಮೆ ತೂಗಿ ನೋಡಿ ನಕ್ಕಿದ್ದಳು. "ನಿನ್ನ ಪುಸ್ತಕ ತಗೊಂಡು ಬಾ" ಎಂದಳು. ಬಾಯಿಂದ "ನೀನು" ಬಂದಿದ್ದು ಇಬ್ಬರಿಗೂ ಕೇಳಿಸಿತು, ಇಬ್ಬರೂ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ. "ನಿನ್ನ ಅಮ್ಮ, ನೀನು ಓದಬೇಡ ಅಂತ ಯಾರಂದ್ರು? ಇಲ್ಲಿ ಬಂದು ಓದು. ಬೆಳಿಗ್ಗೆ ನೀನು ಓದು, ಮಧ್ಯಾಹ್ನ ನಾನು. ನಾನೂ ಕೂತು ಕೇಳ್ತೀನಿ, ನಿದ್ದೆ ಬರದಿದ್ರೆ. ಆದ್ರೆ ಅತ್ತೆ ಈ ಮನೆಯಿಂದ ಎಲ್ಲಿಗೂ ಹೋಗಲ್ಲ."

"ಅದನ್ನ ಅಣ್ಣ ಹೇಳಲಿ."

"ನಿನ್ನ ಅಣ್ಣ ನೋಡೋಣ ಅಂತಾರೆ. ನೋಡ್ತಾ ಇರಲಿ."

ನಾದಿನಿಯ ಕಣ್ಣಲ್ಲಿ ನೀರು ಬಂತು, ಸಿಟ್ಟಿನದೋ ಬೇರೆಯದೋ. ಕೈಚೀಲ ಎತ್ತಿಕೊಂಡು ಎದ್ದು, ಇದು ಹೀಗೆಲ್ಲ ತೀರ್ಮಾನ ಮಾಡುವ ವಿಷಯವಲ್ಲ, ಸಾಹಿತ್ಯ ಅಂದರೆ ಏನು ಅಂತಾದರೂ, ಮನುಷ್ಯನ ಕೊನೆಯ ದಿನಗಳಿಗೆ ಒಂದು ಘನತೆ ಅಂತಾದರೂ, ಎಂದು ಶುರು ಮಾಡಿದಳು. ಪಾಠ ಹೇಳಿ ಪಳಗಿದ ದನಿ, ಕೊನೆಯ ಬೆಂಚಿಗೂ ಮುಟ್ಟುವಂಥದ್ದು. ಆ ದನಿ ಬಂದಾಗಲೆಲ್ಲ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನಿಂತು ಕೇಳಿದ್ದಳು. ನಾದಿನಿ ಹೇಳುವುದರಲ್ಲಿ ನಿಜವೂ ಇರಬಹುದು. ತಾನು ಹೋರಾಡುತ್ತಿರುವುದು ಅತ್ತೆಗಾಗಿಯೋ, ತನ್ನ ಮೂರು ಚಂದ್ರರಿಗಾಗಿಯೋ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಎರಡಕ್ಕೂ ಇರಲಿ, ಅದರಲ್ಲೇನು ತಪ್ಪು. ಅವಳು ಅತ್ತೆಯ ಸ್ವೆಟರಿನ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದಳು. ಸ್ಟೂಲು ಎಳೆದು ಕೂತು, ಹಿಂದೆ ನಿಲ್ಲಿಸಿದ ಪುಟ ತೆಗೆದು ಜಗ್ಗಿಗೆ ಒರಗಿಸಿ, ಅತ್ತೆಯ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ನಾದಿನಿಯ ಮಾತು ನಡೆಯುತ್ತಿದ್ದಂತೆಯೇ ಓದತೊಡಗಿದಳು. ಇಪ್ಪತ್ತರ ಹುಡುಗಿ ಮೊದಲ ಸಲ ಎಂಜಿನ್ ಕೋಣೆಗೆ ಇಳಿಯುತ್ತಿದ್ದಳು. ಏಣಿ ಬಿಸಿಯಿತ್ತು. ಕೆಳಗಿದ್ದವರು ಯಾರೂ ತಲೆ ಎತ್ತಿ ನೋಡಲಿಲ್ಲ. ಓದುತ್ತ ಓದುತ್ತ ಅವಳು ದನಿ ಏರಿಸಿದಳು. ಕಿಟಕಿ ತೆರೆದಿತ್ತು, ಕೆಳಗೆ ರಸ್ತೆಯಲ್ಲಿ ಹೋಗುವವರಿಗೂ ಕೇಳಿಸುತ್ತಿತ್ತು. ಕೇಳಿಸಲಿ.

"ಅತ್ತಿಗೆ, ನಾನು ಮಾತಾಡ್ತಾ ಇದ್ದೀನಿ" ಎಂದಳು ನಾದಿನಿ.

ಅತ್ತೆಯ ಎಡಗೈ ಹೊದಿಕೆಯಿಂದ ಮೇಲೆದ್ದಿತು. ತಾಳು ಎಂದು ನಾದಿನಿಯ ಕಡೆ ಅಂಗೈ ತೋರಿಸಿ ಹಾಗೇ ನಿಂತಿತು. ಓದು ಮುಂದುವರಿಯಿತು. ನಾದಿನಿ ಕೈಚೀಲ ಹಿಡಿದು ಅಧ್ಯಾಯ ಮುಗಿಯಲೆಂದು ಬಾಗಿಲ ಹತ್ತಿರ ಕಾಯುತ್ತ ನಿಂತಳು. ಅಧ್ಯಾಯ ಬಹಳ ಉದ್ದವಿತ್ತು.